ನಲವತ್ತೊಂದನೆಯ ಪಟ್ಟಿ

ಕರೆಂಟು ಹೋದದ್ದು ಹನ್ನೊಂದೂ ಹತ್ತಕ್ಕೆ.
ಕೌಲ್ ಬಜಾರಿನ ಕಡೆ ಒಂದೇ ಸಲಕ್ಕೆ ಕತ್ತಲು.
ಪ್ರಯೋಗಾಲಯದಲ್ಲಿ ತೂಗುವ ಯಂತ್ರ
ಅರ್ಧ ವಾಲಿ ನಿಂತಿತು.
ಡೀಸೆಲ್ ಇಲ್ಲವೆಂದು ಗಾದಿಲಿಂಗಪ್ಪ
ಮೆಟ್ಟಿಲಿಂದಲೇ ಕೂಗಿದ;
ಇಲ್ಲವೆನ್ನುವುದರಲ್ಲಿ ಅವನಿಗೊಂದು ಸುಖ.

ತಟ್ಟೆಯ ಎರಡೂ ಅಂಚು ಹಿಡಿದೆ.
ಇತ್ತ ಒಮ್ಮೆ, ಅತ್ತ ಒಮ್ಮೆ.
ಹನ್ನೆರಡು ಕಾಲುವೆ, ಹನ್ನೆರಡು ಕಾಗದದ ಪಟ್ಟಿ,
ಒಂದೊಂದರ ಮೇಲೂ ಒಬ್ಬೊಬ್ಬರ ರಕ್ತದ ತಿಳಿ.
ಮೇ ತಿಂಗಳ ಬಳ್ಳಾರಿ. ಕೋಟೆಗುಡ್ಡದ ಬಂಡೆ
ಹಗಲು ಕುಡಿದ ಬಿಸಿಲನ್ನು ಉಸಿರಾಡುತ್ತಿದೆ
ಕಿಟಕಿಯ ಜಾಲರಿ ದಾಟಿ ನನ್ನ ಕತ್ತಿನವರೆಗೆ.

ವೈರಸ್ಸನ್ನು ಒಡೆದು, ಅದರ ಪ್ರೋಟೀನುಗಳನ್ನು
ತೂಕ ನೋಡಿ ಸಾಲಾಗಿ ನಿಲ್ಲಿಸಿದ್ದೇವೆ,
ಭಾರದ್ದು ಮೇಲೆ, ಹಗುರದ್ದು ಕೆಳಗೆ,
ಠಾಣೆಯಲ್ಲಿ ಗುರುತು ಹಿಡಿಯಲು ನಿಲ್ಲಿಸಿದ ಹಾಗೆ.
ರಕ್ತ ಹಾದುಹೋಗುತ್ತದೆ. ಕಂಡ ಮುಖವನ್ನು ಮುಟ್ಟುತ್ತದೆ,
ಕಾಣದ್ದನ್ನು ಬಿಡುತ್ತದೆ.
ಸುಳ್ಳು ಹೇಳದು. ತಪ್ಪು ಹೇಳುವುದುಂಟು.

ನಲವತ್ತೊಂದು ಹೊನ್ನೂರಬಿಯದು.
ಇಪ್ಪತ್ತಾರು ವರ್ಷ, ಜೀನ್ಸ್ ಹೊಲಿಗೆ, ಆರು ತಿಂಗಳ ಬಸುರಿ.
ಬೆರಳ ಸಂದಿಯಲ್ಲಿ ನೀಲಿ, ಉಗುರಲ್ಲಿ ನೀಲಿ,
ತುಟಿಯಂಚಿಗೆ ನೀರುಗುಳ್ಳೆಗಳ ಗೊಂಚಲು.
"ಜೇಡ ಉಚ್ಚಿ ಹೊಯ್ದೈತೆ ಅಂತಾಳೆ ನಮ್ಮತ್ತಿ.
ಗಂಡ ಬ್ಯಾರೇ ಏನೋ ಅಂತಾನೆ.
ಯಾರು ಕೊಟ್ರಂತ ಬರೀತೈತೇನ್ರಿ ನಿಮ್ ಕಾಗದ?"
ಸೂಜಿ ಚುಚ್ಚುವಾಗಲೂ ಮುಖ ತಿರುಗಿಸಲಿಲ್ಲ,
ಹೊಲಿಯುವವಳಲ್ಲವೇ.

ಇತ್ತ. ಅತ್ತ.
ಆಂಟಿಬಾಡಿ ಎಂದರೆ ಒಂದು ಕವೆಗೋಲು:
ಮುಂದೆ ಎರಡು ಕವಲು, ಹಿಂದೆ ಒಂದು ಹಿಡಿ.
ಅಪ್ಪ ಬೇಲಿಸಾಲಿನ ಹಾವಿನ ಕತ್ತನ್ನು
ಒತ್ತಿ ಹಿಡಿಯುತ್ತಿದ್ದನಲ್ಲ, ಅಂಥದ್ದು.
ಆದರೆ ಈ ವೈರಸ್ಸಿನ ಮೈಮೇಲೆ
ಕೋಲಿನ ಹಿಡಿಗೇ ಸುತ್ತಿಕೊಳ್ಳುವ ಪ್ರೋಟೀನೊಂದಿದೆ.
ಕವಲು ಅದರ ಕತ್ತಿನ ಮೇಲೆ,
ಅದರ ಬಾಲ ಹಿಡಿಯ ಮೇಲೆ.
ಹಿಡಿದವನೇ ಸಿಕ್ಕಿಬಿದ್ದ!
ಇದನ್ನು ಮೊದಲು ಓದಿದ ದಿನ
ಕುರುಗೋಡಿನ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಸೋತರೂ ಅದು ಊರು ಬಿಡುವುದಿಲ್ಲ.
ಕಿವಿಯ ಒಳಮಗ್ಗುಲಲ್ಲಿ, ಬುರುಡೆಯ ತಳದಲ್ಲಿ,
ನರದ ಗಂಟೊಂದರೊಳಗೆ ಮುದುಡಿ ಮಲಗುತ್ತದೆ.
ಅಲ್ಲಿ ಕವೆಗೋಲಿನ ಆಟ ನಡೆಯದು.
ಬಿಸಿಲೇರಿದರೆ, ಜ್ವರ ಬಂದರೆ,
ರಾತ್ರಿಯಿಡೀ ಪ್ಯಾಂಟಿನ ಕಾಲು ಜೋಡಿಸಿ ನಿದ್ದೆಗೆಟ್ಟರೆ
ಎದ್ದು, ಬಂದ ದಾರಿಯಲ್ಲೇ, ತುಟಿಯ ತನಕ.
ರಕ್ತ ಮತ್ತೆ ಕೋಲು ಹಿಡಿಯುತ್ತದೆ.

ಎರಡೂವರೆಗೆ ಬಣ್ಣ ಹಾಕಿದೆ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ.
ನೇರಳೆ ಗೆರೆಗಳು ಒಂದೊಂದೇ ಮೂಡಿದವು.
ಮೊದಲ ಬಗೆಯದೆನ್ನುವ ಗೆರೆ ದಟ್ಟ.
ಎರಡನೆಯ ಬಗೆಯ ಜಾಗ, ಗಂಡ ಹೆದರಿದ ಜಾಗ, ಖಾಲಿ.
ಈ ಮೊದಲನೆಯದು ನಮ್ಮಲ್ಲಿ ಹೆಚ್ಚಿನವರಿಗೆ
ಹಾಲುಹಲ್ಲಿನ ವಯಸ್ಸಲ್ಲೇ ಬಂದಿರುತ್ತದೆ.
ನಾನಿಯೋ, ಖಾಲಾಳೋ, ಬಳೆ ತೊಡಿಸಲು ಬಂದವಳೋ,
ಎತ್ತಿಕೊಂಡು ಮುತ್ತಿಟ್ಟ ಯಾರೋ.

ಹನ್ನೆರಡನೆಯ ಪಟ್ಟಿ ನನ್ನದೇ ರಕ್ತ, ಹೋಲಿಕೆಗೆ ಇಟ್ಟದ್ದು.
ಅದೇ ಗೆರೆ, ಅದೇ ಎತ್ತರದಲ್ಲಿ.
ನನಗೆ ಎರಡು ತುಂಬುವ ಮೊದಲೇ ಅವ್ವ ಹೋದಳು.
ಅವಳ ಫೋಟೋ ಇಲ್ಲ.
ಅವಳೇ ಎಂದು ಹೇಳಲು ಈ ಕಾಗದಕ್ಕೆ ಬರುವುದಿಲ್ಲ,
ಅಲ್ಲವೆನ್ನಲೂ.
ಟಾರ್ಚು ಸ್ವಲ್ಪ ಹೊತ್ತು ಅಲ್ಲೇ ಹಿಡಿದಿದ್ದೆ.

ಐದಕ್ಕೆ ಕರೆಂಟು ಬಂತು. ಯಂತ್ರ ತಾನಾಗಿ ತೂಗತೊಡಗಿತು,
ಮೇಲೆ ಏನೂ ಇಲ್ಲದೆ.

ಹತ್ತಕ್ಕೆ ಅವಳು ಬಂದಳು. ಗಂಡ ಗೇಟಿನಾಚೆ, ಬೈಕಿನ ಮೇಲೆ.
ಹಳೆಯದು, ಮಗುವಿದ್ದಾಗ ಬಂದಿರಬೇಕು ಅಂದೆ,
ಅವನಿಗೂ ಕೇಳಲಿ ಎಂದು ತುಸು ಗಟ್ಟಿಯಾಗಿ.
ಹೊಟ್ಟೆಯ ಕೂಸಿಗೆ ನಿನ್ನ ಕೋಲುಗಳು
ಈಗಾಗಲೇ ದಾಟುತ್ತಿವೆ ಅಂದೆ. ಅರ್ಥವಾಗಲಿಲ್ಲ.
ಗುಳ್ಳೆ ಎದ್ದಾಗ ಮಾತ್ರ ಕೂಸಿಗೆ ಮುತ್ತು ಕೊಡಬೇಡ ಅಂದೆ.

"ಒಣಗಿದ ಮ್ಯಾಲೆ?"